ಆಪರೇಷನ್ ಮೇಜಿನ ಮೇಲೆ ತಾಯಿಯನ್ನು ಎಡಕ್ಕೆ ವಾಲಿಸುವುದೇಕೆ?



ಬೀಜ, ಗೊಬ್ಬರ, ನೀರಾವರಿಗಳ ಮಾತಾಡುವವನು ಹೆರಿಗೆಯ ಮಾತಿಗೇಕೆ ಬಂದ ಎಂದು ನಿಮಗೆ ಅನಿಸಬಹುದು. ಕಾರಣ ಸರಳವಾಗಿದೆ. ತುಂಬು ಬಸುರಿಯನ್ನು ಹಳ್ಳಿಯಿಂದ ಆಸ್ಪತ್ರೆಗೆ ಕರೆದೊಯ್ಯುವಾಗ ಗಾಡಿ ಗೊತ್ತುಮಾಡುವವರು, ಆಕೆಯನ್ನು ಎತ್ತಿ ಮಲಗಿಸುವವರು, ಆಸ್ಪತ್ರೆಯ ಕಾಗದಗಳನ್ನು ಹಿಡಿದು ಓಡಾಡುವವರು ಬಹುಮಟ್ಟಿಗೆ ಮನೆಯ ಗಂಡಸರೇ. ಆಕೆಯನ್ನು ಹೇಗೆ ಮಲಗಿಸಬೇಕೆಂಬುದು ಅವರಿಗೆ ತಿಳಿದಿರಬೇಕು. ಹೇಗೋ ಮಲಗಿಸಿದರಾಯಿತು ಎನ್ನುವ ವಿಷಯ ಇದಲ್ಲ. ತುಂಬು ಬಸುರಿಯನ್ನು ಅಂಗಾತ ಮಲಗಿಸಿದರೆ ಆಕೆಯ ರಕ್ತದ ಓಟಕ್ಕೇ ಅಡ್ಡಿಯಾಗಬಹುದು. ಮಗುವಿಗೆ ಸೇರಬೇಕಾದ ರಕ್ತವೂ ಕಡಿಮೆಯಾಗಬಹುದು.

ಹೊಟ್ಟೆ ಕುಯ್ದು ಮಗುವನ್ನು ತೆಗೆಯುವ ಸಿಸೇರಿಯನ್ ಹೆರಿಗೆ ಈಗ ಅಪರೂಪವಲ್ಲ. ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ೩೧.೫ ಹೆರಿಗೆಗಳು ಶಸ್ತ್ರಚಿಕಿತ್ಸೆಯಿಂದ ಆದವು. ಇಡೀ ದೇಶದ ಲೆಕ್ಕ ನೂರಕ್ಕೆ ೨೧.೫. ಎಂದರೆ ನಮ್ಮ ರಾಜ್ಯದಲ್ಲಿ ಸುಮಾರು ಮೂರು ಹೆರಿಗೆಗೆ ಒಂದು ಆಪರೇಷನ್ ಮೇಜಿನ ಮೇಲೆ ಆಗುತ್ತಿದೆ. ಇಷ್ಟು ಮನೆಗಳಿಗೆ ಸಂಬಂಧಿಸಿದ ಮೇಜಿನ ಮೇಲೆ ಏನು ನಡೆಯುತ್ತದೆ, ಏಕೆ ನಡೆಯುತ್ತದೆ ಎಂಬುದನ್ನು ತಿಳಿಯುವುದು ಒಳ್ಳೆಯದು. ತಿಳಿದರೆ ಭಯ ಕಡಿಮೆಯಾಗುತ್ತದೆ. ಭಯ ಕಡಿಮೆಯಾದರೆ ಸಕಾಲದಲ್ಲಿ ಒಪ್ಪಿಗೆ ಕೊಡಲು ಧೈರ್ಯ ಬರುತ್ತದೆ.

ಹೊಟ್ಟೆಯ ಭಾರ ಬೀಳುವುದು ಎಲ್ಲಿಗೆ?

ಬಸುರಾಗದ ಹೆಂಗಸಿನ ಗರ್ಭಕೋಶದ ತೂಕ ೬೦ರಿಂದ ೭೦ ಗ್ರಾಂ ಮಾತ್ರ. ದಿನ ತುಂಬುವ ಹೊತ್ತಿಗೆ ಆ ಕೋಶವೇ ಸುಮಾರು ಒಂದು ಕಿಲೋ ತೂಗುತ್ತದೆ. ಅದರೊಳಗೆ ಮೂರು ಕಿಲೋ ಮಗು, ಅರ್ಧ ಕಿಲೋ ಮಾಸು, ಮುಕ್ಕಾಲು ಲೀಟರಿನಷ್ಟು ನೆತ್ತಿನೀರು ಎಂದು ಲೆಕ್ಕ ಹಾಕಿದರೆ ಒಟ್ಟು ಭಾರ ಐದು ಕಿಲೋ ದಾಟುತ್ತದೆ. ತಾಯಿ ನಿಂತಿರುವಾಗ ಈ ಭಾರ ಮುಂದಕ್ಕೂ ಕೆಳಕ್ಕೂ ತೂಗುತ್ತದೆ. ಅಂಗಾತ ಮಲಗಿದಾಗ ಅಷ್ಟೂ ಭಾರ ಹಿಂದಕ್ಕೆ, ಬೆನ್ನುಮೂಳೆಯ ಮೇಲಕ್ಕೆ ಬೀಳುತ್ತದೆ.

ಬೆನ್ನುಮೂಳೆಯ ಮುಂದೆ ಎರಡು ದೊಡ್ಡ ರಕ್ತನಾಳಗಳು ಹಾದುಹೋಗುತ್ತವೆ. ಒಂದು ಹೃದಯದಿಂದ ಕೆಳಕ್ಕೆ ರಕ್ತ ಒಯ್ಯುವ ಮಹಾಅಪಧಮನಿ, ಇದು ಎಡಗಡೆಗಿದೆ. ಇನ್ನೊಂದು ಕಾಲು, ಸೊಂಟಗಳ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಮಹಾಅಭಿಧಮನಿ, ಇದು ಬಲಗಡೆಗಿದೆ. ಇವೆರಡರ ಗುಣ ಬೇರೆ ಬೇರೆ. ನಮ್ಮ ತೋಟದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅಪಧಮನಿಯು ಗಟ್ಟಿ ಪೈಪಿನಂತೆ. ಒಳಗೆ ಒತ್ತಡವೂ ಹೆಚ್ಚು. ಮೇಲೆ ಮೂಟೆ ಇಟ್ಟರೂ ಬೇಗ ಮುಚ್ಚುವುದಿಲ್ಲ. ಅಭಿಧಮನಿಯಾದರೋ ಗದ್ದೆಗೆ ನೀರು ಹಾಯಿಸುವ ಚಪ್ಪಟೆ ಬಟ್ಟೆಪೈಪಿನಂತೆ. ನೀರು ಹರಿಯುವಾಗ ಉಬ್ಬಿರುತ್ತದೆ; ಮೇಲೆ ಕಾಲಿಟ್ಟರೆ ಚಪ್ಪಟೆಯಾಗಿ ನೀರು ನಿಂತುಬಿಡುತ್ತದೆ. ಗರ್ಭದ ಭಾರಕ್ಕೆ ಸಿಕ್ಕಿ ಚಪ್ಪಟೆಯಾಗುವುದು ಮುಖ್ಯವಾಗಿ ಈ ಬಲಗಡೆಯ ಮೆತ್ತನೆಯ ನಾಳವೇ.

ಆಗ ಏನಾಗುತ್ತದೆ? ಕಾಲುಗಳ ಕಡೆಯಿಂದ ರಕ್ತ ಸರಿಯಾಗಿ ಮೇಲೆ ಬರುವುದಿಲ್ಲ. ಬಾವಿಯಲ್ಲಿ ನೀರು ಸಾಲದಿದ್ದರೆ ಪಂಪು ಎಷ್ಟು ಓಡಿದರೂ ಮೇಲೆ ನೀರು ಬೀಳದಿರುವ ಹಾಗೆ, ಹೃದಯ ಎಷ್ಟು ಬಡಿದುಕೊಂಡರೂ ಮುಂದಕ್ಕೆ ತಳ್ಳಲು ರಕ್ತ ಸಾಲದಾಗುತ್ತದೆ. ರಕ್ತದೊತ್ತಡ ಇಳಿಯುತ್ತದೆ. ತಾಯಿಗೆ ವಾಕರಿಕೆ, ಬೆವರು, ಕಣ್ಣು ಕತ್ತಲೆ, ಜೀವ ಹೋದಂತೆ ಅನಿಸುವ ಸಂಕಟ. ಮಗುವಿಗೂ ಕಷ್ಟವೇ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ೫೦೦ರಿಂದ ೭೦೦ ಮಿಲಿಲೀಟರ್ ರಕ್ತ ಹರಿಯಬೇಕು. ಅದು ಕಡಿಮೆಯಾದರೆ ಮಗುವಿಗೆ ಪ್ರಾಣವಾಯು ಕಡಿಮೆಯಾಗುತ್ತದೆ.

ಎಲ್ಲ ಬಸುರಿಯರಿಗೂ ಹೀಗೆ ಕಣ್ಣು ಕತ್ತಲೆ ಬರುವುದಿಲ್ಲ. ನೂರಕ್ಕೆ ಎಂಟು ಹತ್ತು ಮಂದಿಗೆ ಮಾತ್ರ ಹೊರಗೆ ಕಾಣುವಂತೆ ಆಗುತ್ತದೆ. ಉಳಿದವರ ಶರೀರ ಬೇರೆ ಸಣ್ಣ ನಾಳಗಳ ಮೂಲಕ ರಕ್ತವನ್ನು ಸುತ್ತುದಾರಿಯಲ್ಲಿ ತಂದುಕೊಂಡು ಸುಧಾರಿಸಿಕೊಳ್ಳುತ್ತದೆ. ಆದರೆ ಆಪರೇಷನ್ ಮೇಜಿನ ಮೇಲೆ ಈ ಸುಧಾರಿಸಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಅದೇಕೆಂದು ಮುಂದೆ ಹೇಳುತ್ತೇನೆ.

ಈ ವಿಷಯ ಬೆಳಕಿಗೆ ಬಂದದ್ದು

ಅಂಗಾತ ಮಲಗಿದ ಬಸುರಿಯರ ರಕ್ತದೊತ್ತಡ ಇಳಿಯುವುದನ್ನು ೧೯೫೩ರಲ್ಲಿ ಅಮೆರಿಕದ ಹೋವರ್ಡ್, ಗುಡ್‌ಸನ್, ಮೆಂಗರ್ಟ್ ಎಂಬ ವೈದ್ಯರು ವಿವರವಾಗಿ ಬರೆದರು. ಮಗ್ಗುಲಿಗೆ ಹೊರಳಿಸಿದ ಕೂಡಲೇ ಒತ್ತಡ ಸರಿಯಾಗುವುದನ್ನೂ ತೋರಿಸಿದರು. ಅನಂತರ ೧೯೭೨ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಅರಿವಳಿಕೆ ವೈದ್ಯರಾದ ಕ್ರಾಫೋರ್ಡ್ ಮತ್ತು ಅವರ ಸಂಗಡಿಗರು, ಸಿಸೇರಿಯನ್ ಮಾಡುವಾಗ ತಾಯಿಯನ್ನು ಎಡಕ್ಕೆ ವಾಲಿಸಿದರೆ ಹುಟ್ಟುವ ಮಗು ಹೆಚ್ಚು ಚೆನ್ನಾಗಿರುತ್ತದೆ ಎಂದು ವರದಿ ಮಾಡಿದರು. ಬಲ ಸೊಂಟದ ಕೆಳಗಿಡುವ ಓರೆ ದಿಂಬಿಗೆ ಅವರ ಹೆಸರೇ ನಿಂತಿತು. ಅಂದಿನಿಂದ ಹದಿನೈದು ಡಿಗ್ರಿ ಎಡವಾಲು ಎಂಬುದು ಲೋಕದ ಆಪರೇಷನ್ ಕೊಠಡಿಗಳಲ್ಲಿ ಪಾಠವಾಯಿತು.

ಎಡಕ್ಕೇ ಏಕೆ, ಬಲಕ್ಕೆ ಏಕಲ್ಲ ಎಂದು ಕೇಳಬಹುದು. ಒತ್ತಡಕ್ಕೆ ಸಿಕ್ಕುವ ಮೆತ್ತನೆಯ ನಾಳ ಬಲಗಡೆಗಿದೆ. ತುಂಬಿದ ಗರ್ಭಕೋಶವೂ ಸಾಮಾನ್ಯವಾಗಿ ಬಲಕ್ಕೇ ತುಸು ತಿರುಗಿಕೊಂಡಿರುತ್ತದೆ. ಆದ್ದರಿಂದ ಭಾರವನ್ನು ಎಡಕ್ಕೆ ಸರಿಸಿದರೆ ಬಲಗಡೆಯ ನಾಳಕ್ಕೆ ಬಿಡುವು ಸಿಕ್ಕುತ್ತದೆ.

ದನದಿಂದ ಒಂದು ಪಾಠ

ನಿಮ್ಮಲ್ಲಿ ಕೆಲವರು ಪಶು ಆಸ್ಪತ್ರೆಯಲ್ಲಿ ಹಸುವಿಗೆ ಸಿಸೇರಿಯನ್ ಮಾಡುವುದನ್ನು ನೋಡಿರಬಹುದು. ಹಸುವನ್ನು ಬಹುಸಾರಿ ನಿಲ್ಲಿಸಿಕೊಂಡೇ, ಎಡ ಪಕ್ಕೆಯಲ್ಲಿ ಕುಯ್ದು ಕರುವನ್ನು ತೆಗೆಯುತ್ತಾರೆ. ಏಕೆಂದರೆ ಹಸುವಿನ ಎಡಗಡೆ ದೊಡ್ಡ ಹೊಟ್ಟೆ ಇದೆ. ಅದು ಗೋಡೆಯಂತೆ ನಿಂತು ಕರುಳು ಹೊರಗೆ ಜಾರದಂತೆ ತಡೆಯುತ್ತದೆ. ಬಿದ್ದು ಏಳಲಾರದ ಹಸುವನ್ನು ಅಡ್ಡಡ್ಡ ಮಲಗಿಸಿ ಬಿಟ್ಟರೆ ಹೊಟ್ಟೆ ಉಬ್ಬರಿಸಿ ಅಪಾಯವಾಗುತ್ತದೆ; ಎದೆಯ ಮೇಲೆ ಕೂರಿಸಿ ಎರಡು ಪಕ್ಕಕ್ಕೂ ಹುಲ್ಲಿನ ಕಟ್ಟು ಒತ್ತಿ ನಿಲ್ಲಿಸಬೇಕು. ಇದು ನಿಮಗೆ ಹೊಸದಲ್ಲ.

ಪ್ರತಿ ಶರೀರಕ್ಕೂ ಅದರ ಒಳಗಿನ ರಚನೆಗೆ ತಕ್ಕ ಭಂಗಿ ಇದೆ ಎಂಬುದೇ ಇದರ ಸಾರ. ಹೆಂಗಸನ್ನು ನಿಲ್ಲಿಸಿಕೊಂಡು ಆಪರೇಷನ್ ಮಾಡಲಾಗದು, ಪೂರ್ತಿ ಮಗ್ಗುಲಿಗೆ ಮಲಗಿಸಿದರೆ ವೈದ್ಯರ ಕೈಗೆ ಗರ್ಭಕೋಶ ಸರಿಯಾಗಿ ಸಿಕ್ಕದು, ಪೂರ್ತಿ ಅಂಗಾತ ಮಲಗಿಸಿದರೆ ನಾಳ ಮುಚ್ಚುತ್ತದೆ. ಇವುಗಳ ನಡುವೆ ಕಂಡುಕೊಂಡ ದಾರಿಯೇ ಅಂಗಾತ ಮಲಗಿಸಿ ತುಸು ಎಡಕ್ಕೆ ವಾಲಿಸುವುದು.

ಮೇಜಿನ ಮೇಲೆ ಒಂದೊಂದಾಗಿ ನಡೆಯುವುದು

ಒಂದನೆಯದು, ಬೆನ್ನಿನ ಸೂಜಿ. ಈಗ ಹೆಚ್ಚಿನ ಸಿಸೇರಿಯನ್‌ಗಳಲ್ಲಿ ತಾಯಿಯನ್ನು ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಬೆನ್ನಿನ ಕೆಳಭಾಗಕ್ಕೆ ತೆಳುವಾದ ಸೂಜಿಯಿಂದ ಮದ್ದು ಕೊಟ್ಟು ಎದೆಯ ಕೆಳಗಿನ ಭಾಗವನ್ನು ಮಾತ್ರ ಜೋಮು ಹಿಡಿಸುತ್ತಾರೆ. ಇದಕ್ಕಾಗಿ ತಾಯಿಯನ್ನು ಮೇಜಿನ ಅಂಚಿನಲ್ಲಿ ಕೂರಿಸುತ್ತಾರೆ, ಇಲ್ಲವೆ ಎಡಮಗ್ಗುಲಿಗೆ ಮಲಗಿಸಿ ಮಂಡಿಗಳನ್ನು ಹೊಟ್ಟೆಯತ್ತ ಮಡಿಸುತ್ತಾರೆ. ಗದ್ದವನ್ನು ಎದೆಗೆ ತಾಗಿಸಿ, ಬೆನ್ನನ್ನು ಪೈರು ನಾಟಿ ಹಾಕುವವರ ಹಾಗೆ ಬಿಲ್ಲಿನಂತೆ ಬಗ್ಗಿಸಬೇಕು. ಹಾಗೆ ಬಗ್ಗಿದಾಗ ಬೆನ್ನುಮೂಳೆಗಳ ನಡುವಿನ ಸಂದು, ಬೀಸಣಿಗೆ ಬಿಡಿಸಿದಂತೆ ತೆರೆಯುತ್ತದೆ. ಸೂಜಿ ಸುಲಭವಾಗಿ ಹೋಗುತ್ತದೆ. ಮಿಸುಕದೆ ಇರುವುದು ಈ ಒಂದೆರಡು ನಿಮಿಷ ಮುಖ್ಯ. ನೋವು ಬಂದರೆ ಮೊದಲೇ ಹೇಳಬೇಕು; ನೋವು ಇಳಿಯುವವರೆಗೆ ವೈದ್ಯರು ಕಾಯುತ್ತಾರೆ.

ಎರಡನೆಯದು, ಮಲಗಿಸುವುದು. ಮದ್ದು ಕೊಟ್ಟ ಕೂಡಲೇ ತಾಯಿಯನ್ನು ಮಲಗಿಸಿ ತಲೆಯ ಕೆಳಗೆ ದಿಂಬು ಇಡುತ್ತಾರೆ. ಆ ಕ್ಷಣದಲ್ಲೇ ಬಲ ಸೊಂಟದ ಕೆಳಗೆ ಓರೆ ದಿಂಬನ್ನೋ ಮಡಿಸಿದ ಬಟ್ಟೆಯನ್ನೋ ಇಡುತ್ತಾರೆ; ಇಲ್ಲವೆ ಮೇಜನ್ನೇ ಎಡಕ್ಕೆ ಓರೆಮಾಡುತ್ತಾರೆ. ಕೆಲವೊಮ್ಮೆ ಒಬ್ಬರು ಕೈಯಿಂದಲೇ ಹೊಟ್ಟೆಯನ್ನು ಎಡಕ್ಕೆ ಸರಿಸಿ ಹಿಡಿಯುವುದೂ ಉಂಟು. ಬೆನ್ನಿನ ಮದ್ದು ಕಾಲುಗಳ ರಕ್ತನಾಳಗಳನ್ನು ಸಡಿಲಗೊಳಿಸುತ್ತದೆ. ಸಡಿಲವಾದ ನಾಳಗಳಲ್ಲಿ ರಕ್ತ ಕೆಳಗೇ ನಿಲ್ಲುತ್ತದೆ. ಶರೀರ ತಾನೇ ಸುಧಾರಿಸಿಕೊಳ್ಳುವ ಶಕ್ತಿ ಮೇಜಿನ ಮೇಲೆ ಕುಗ್ಗುತ್ತದೆ ಎಂದು ಹಿಂದೆ ಹೇಳಿದ್ದು ಇದಕ್ಕೇ. ಈ ಹೊತ್ತಿನಲ್ಲಿ ಹೊಟ್ಟೆಯ ಭಾರವೂ ಸೇರಿದರೆ ಒತ್ತಡ ಬೇಗ ಇಳಿಯುತ್ತದೆ. ಅದಕ್ಕೇ ಮೊದಲ ನಿಮಿಷಗಳಲ್ಲಿ ಪದೇ ಪದೇ ರಕ್ತದೊತ್ತಡ ನೋಡುತ್ತಾರೆ, ನಾಳಕ್ಕೆ ದ್ರವ ಹನಿಸುತ್ತಾರೆ, ಒತ್ತಡ ಏರಿಸುವ ಮದ್ದನ್ನು ಸಿದ್ಧವಾಗಿಟ್ಟು ಕೊಡುತ್ತಾರೆ.

ಮೂರನೆಯದು, ಕೈಗಳು. ಎರಡು ಕೈಗಳನ್ನೂ ಪಕ್ಕದ ಹಲಗೆಗಳ ಮೇಲೆ ಚಾಚಿಸುತ್ತಾರೆ. ಒಂದು ಕೈಗೆ ದ್ರವ, ಒಂದು ಕೈಗೆ ರಕ್ತದೊತ್ತಡದ ಪಟ್ಟಿ. ಕೈಯನ್ನು ಭುಜದ ನೇರಕ್ಕಿಂತ ಮೇಲಕ್ಕೆ, ಅಂದರೆ ೯೦ ಡಿಗ್ರಿಗಿಂತ ಹೆಚ್ಚು, ಎಳೆಯಬಾರದು. ಎಳೆದರೆ ಕಂಕುಳಿನ ನರಗಳಿಗೆ ಪೆಟ್ಟಾಗುತ್ತದೆ. ಭುಜ ಎಳೆದಂತಾದರೆ ತಾಯಿ ಬಾಯಿ ಬಿಟ್ಟು ಹೇಳಬೇಕು.

ನಾಲ್ಕನೆಯದು, ಕಾಲುಗಳು. ಕಾಲುಗಳನ್ನು ನೇರವಾಗಿ, ಒಂದರ ಮೇಲೊಂದು ಹಾಕದೆ ಇಡುತ್ತಾರೆ. ತೊಡೆಗಳ ಮೇಲೆ ಒಂದು ಪಟ್ಟಿಯನ್ನು ಹದವಾಗಿ ಬಿಗಿಯುತ್ತಾರೆ. ಇದನ್ನು ಕೇಳಿ ಹೆಂಗಸನ್ನು ಕಟ್ಟಿಹಾಕುತ್ತಾರೆ ಎಂದು ಹೇಳುವವರಿದ್ದಾರೆ. ಅದು ಹಾಗಲ್ಲ. ಜೋಮು ಹಿಡಿದ ಕಾಲಿಗೆ ತಾನೆಲ್ಲಿದ್ದೇನೆಂಬ ಅರಿವಿರುವುದಿಲ್ಲ. ಮೇಜು ಬೇರೆ ಓರೆಯಾಗಿರುತ್ತದೆ. ಜಾರಿ ಬೀಳದಿರಲೆಂದೇ ಆ ಪಟ್ಟಿ. ಏರುದಾರಿಯಲ್ಲಿ ಗಾಡಿಯ ಮೂಟೆಗೆ ಹಗ್ಗ ಹಾಕುವುದು ಮೂಟೆಯ ಮೇಲಿನ ಸಿಟ್ಟಿಗಲ್ಲವಷ್ಟೆ!

ಐದನೆಯದು, ಮೂತ್ರದ ನಳಿಕೆ. ಮೂತ್ರಕೋಶವು ಗರ್ಭಕೋಶದ ಮುಂದೆಯೇ ಇದೆ. ಅದು ತುಂಬಿದ್ದರೆ ಕುಯ್ಯುವಾಗ ಗಾಯವಾಗುವ ಸಂಭವ ಉಂಟು. ಅದಕ್ಕಾಗಿ ನಳಿಕೆ ಹಾಕಿ ಬರಿದು ಮಾಡುತ್ತಾರೆ.

ಆರನೆಯದು, ಮಗು ಹೊರಗೆ ಬರುವುದು. ಎದೆಯ ಮೇಲೆ ಅಡ್ಡ ಪರದೆ ಕಟ್ಟುವುದರಿಂದ ತಾಯಿಗೆ ಕುಯ್ಯುವುದು ಕಾಣಿಸದು. ನೋವಿರುವುದಿಲ್ಲ, ಆದರೆ ಎಳೆದಂತೆ, ಒತ್ತಿದಂತೆ ತಿಳಿಯುತ್ತದೆ. ಮಗು ಹೊರಬರುವಾಗ ಸಹಾಯಕರು ಹೊಟ್ಟೆಯ ಮೇಲ್ಭಾಗವನ್ನು ಒತ್ತುವುದರಿಂದ ಹೀಗಾಗುತ್ತದೆ. ಮಗು ಹೊರಬಂದ ಮೇಲೆ ಭಾರ ಇಳಿಯಿತು. ಓರೆಯ ಅಗತ್ಯವೂ ಮುಗಿಯಿತು. ಮೇಜನ್ನು ಸಮಮಾಡಿ ಹೊಲಿಗೆ ಹಾಕುತ್ತಾರೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ ಮಗುವನ್ನು ಆಗಲೇ ತಾಯಿಯ ಎದೆಗೆ ತಾಗಿಸಿ ಇಡಬಹುದು.

ಇಷ್ಟರ ನಡುವೆ ತಾಯಿ ಮಾಡಬೇಕಾದ ಕೆಲಸ ಒಂದುಂಟು. ವಾಕರಿಕೆ ಬಂದರೆ, ಬೆವರಿದರೆ, ತಲೆ ಹಗುರವಾದರೆ, ಉಸಿರು ಸಿಕ್ಕಿಕೊಂಡಂತಾದರೆ ಸಂಕೋಚಪಡದೆ ತಲೆಯ ಬಳಿ ನಿಂತಿರುವ ವೈದ್ಯರಿಗೆ ಕೂಡಲೇ ಹೇಳಬೇಕು. ರಕ್ತದೊತ್ತಡ ಇಳಿಯುತ್ತಿರುವುದಕ್ಕೆ ಬಹುಸಾರಿ ವಾಕರಿಕೆಯೇ ಮೊದಲ ಸುಳಿವು. ನಮ್ಮ ಹೆಣ್ಣುಮಕ್ಕಳು ಸಹಿಸಿಕೊಂಡು ಸುಮ್ಮನಿರುವುದನ್ನು ಒಳ್ಳೆಯ ಗುಣವೆಂದು ಕಲಿತಿದ್ದಾರೆ. ಆಪರೇಷನ್ ಮೇಜಿನ ಮೇಲೆ ಅದು ಒಳ್ಳೆಯದಲ್ಲ ಎಂದು ಮನೆಯವರೇ ಮುಂಚಿತವಾಗಿ ಹೇಳಿ ಕಳಿಸಬೇಕು.

ಹದಿನೈದು ಡಿಗ್ರಿ ಎಂದರೆ ಎಷ್ಟು?

ಬದು ಹಾಕುವಾಗ ಇಳಿಜಾರನ್ನು ಕಣ್ಣಳತೆಯಿಂದ ಹೇಳಿ ಮೋಸಹೋಗುವುದು ನಿಮಗೆ ಗೊತ್ತು. ಮೇಜಿನ ವಿಷಯದಲ್ಲೂ ಹಾಗೆಯೇ. ಕಣ್ಣಿಗೆ ಹದಿನೈದು ಎಂದು ಕಂಡದ್ದು ಅಳೆದು ನೋಡಿದರೆ ಬಹುಸಾರಿ ಕಡಿಮೆ ಇರುತ್ತದೆ. ೫೦ ಸೆಂಟಿಮೀಟರ್ ಅಗಲದ ಮೇಜು ಹದಿನೈದು ಡಿಗ್ರಿ ವಾಲಬೇಕಾದರೆ ಅದರ ಬಲ ಅಂಚು ಎಡ ಅಂಚಿಗಿಂತ ೧೩ ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು, ಎತ್ತರವಿರಬೇಕು. ಮೂವತ್ತು ಡಿಗ್ರಿಗೆ ೨೫ ಸೆಂಟಿಮೀಟರ್ ಬೇಕು. ಅಷ್ಟು ಓರೆಯಲ್ಲಿ ತಾಯಿ ಜಾರುವ ಭಯವಿದೆ, ಕುಯ್ಯುವವರಿಗೂ ಕಷ್ಟ.

ಇತ್ತೀಚಿನ ಶೋಧನೆಗಳು ಈ ಪಾಠವನ್ನು ಮತ್ತೆ ಒರೆಗೆ ಹಚ್ಚಿವೆ. ೨೦೧೫ರಲ್ಲಿ ಜಪಾನಿನ ಹಿಗುಚಿ ಮತ್ತು ಸಂಗಡಿಗರು ಎಂ.ಆರ್.ಐ. ಯಂತ್ರದಿಂದ ತುಂಬು ಬಸುರಿಯರ ಒಳನಾಳಗಳನ್ನು ನೋಡಿದರು. ಅಂಗಾತ ಮಲಗಿದಾಗ ಆ ಮೆತ್ತನೆಯ ನಾಳ ಬಹಳ ಮಟ್ಟಿಗೆ ಮುಚ್ಚಿತ್ತು. ಹದಿನೈದು ಡಿಗ್ರಿ ವಾಲಿಸಿದರೂ ಹೇಳಿಕೊಳ್ಳುವಷ್ಟು ತೆರೆಯಲಿಲ್ಲ. ಮೂವತ್ತಕ್ಕೆ ವಾಲಿಸಿದಾಗ ಚೆನ್ನಾಗಿ ತೆರೆಯಿತು. ಎಡಗಡೆಯ ಅಪಧಮನಿ ಮಾತ್ರ ಯಾವ ಭಂಗಿಯಲ್ಲೂ ಅಷ್ಟಾಗಿ ಅಮುಕಿರಲಿಲ್ಲ. ೨೦೧೭ರಲ್ಲಿ ಅಮೆರಿಕದ ನ್ಯೂಯಾರ್ಕಿನ ವೈದ್ಯರು ನೂರು ಮಂದಿ ಆರೋಗ್ಯವಂತ ತಾಯಂದಿರಲ್ಲಿ ಪರೀಕ್ಷೆ ನಡೆಸಿ, ದ್ರವವನ್ನೂ ಒತ್ತಡ ಏರಿಸುವ ಮದ್ದನ್ನೂ ಎಡೆಬಿಡದೆ ಕೊಟ್ಟು ರಕ್ತದೊತ್ತಡ ಇಳಿಯದಂತೆ ನೋಡಿಕೊಂಡರೆ, ವಾಲಿಸಿದವರ ಮಕ್ಕಳಿಗೂ ವಾಲಿಸದವರ ಮಕ್ಕಳಿಗೂ ರಕ್ತಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು ತಿಳಿಸಿದರು. ಆದರೆ ವಾಲಿಸಿದ ತಾಯಂದಿರಿಗೆ ಮದ್ದು ಕಡಿಮೆ ಸಾಕಾಯಿತು.

ಹಾಗಾದರೆ ವಾಲಿಸುವುದು ವ್ಯರ್ಥವೇ? ಅಲ್ಲ. ಆ ಪರೀಕ್ಷೆ ನಡೆದದ್ದು ಆರೋಗ್ಯವಂತರ ಮೇಲೆ, ಮೊದಲೇ ಗೊತ್ತುಮಾಡಿದ ಆಪರೇಷನ್‌ಗಳಲ್ಲಿ. ನಡುರಾತ್ರಿ ರಕ್ತ ಹೋಗಿ ಬಂದ ತಾಯಿ, ಅವಳಿ ಹೊತ್ತ ತಾಯಿ, ಬಡಿತ ತಗ್ಗಿದ ಮಗುವಿನ ತಾಯಿ ಇವರ ಸ್ಥಿತಿಯೇ ಬೇರೆ. ಗೊಬ್ಬರವಿದೆ ಎಂದು ಉಳುಮೆ ಬಿಡುವುದುಂಟೆ? ಮದ್ದೂ ಬೇಕು, ಓರೆಯೂ ಬೇಕು. ಓರೆ ದಿಂಬಿಗೆ ಖರ್ಚೂ ಇಲ್ಲ.

ಭಂಗಿ ಬದಲಾಗುವ ಸಂದರ್ಭಗಳು

ಎಲ್ಲರಿಗೂ ಒಂದೇ ಅಳತೆ ಸಲ್ಲದು. ತೂಕ ಹೆಚ್ಚಿರುವ ತಾಯಿಗೆ ತಲೆ ಮತ್ತು ಭುಜಗಳ ಕೆಳಗೆ ದಿಂಬುಗಳನ್ನು ಮೆಟ್ಟಿಲಿನಂತೆ ಜೋಡಿಸಿ ಮೇಲೆತ್ತುತ್ತಾರೆ, ಉಸಿರಾಟ ಹಗುರವಾಗುತ್ತದೆ. ಹೃದಯದ ತೊಂದರೆಯಿಂದ ಮಲಗಿದರೆ ಉಸಿರು ಕಟ್ಟುವವರಿಗೂ ಹೀಗೆ ಎತ್ತರ ಬೇಕು. ಬಸುರಿನಂಜಿನಿಂದ ಫಿಟ್ಸ್ ಬಂದ ತಾಯಿಯನ್ನು ಎಡಮಗ್ಗುಲಿಗೆ ಮಲಗಿಸಬೇಕು. ಬಾಯಿಯ ಜೊಲ್ಲು, ವಾಂತಿ ಶ್ವಾಸಕ್ಕೆ ಹೋಗದೆ ಹೊರಗೆ ಹರಿಯುತ್ತದೆ. ನೆತ್ತಿನೀರು ಒಡೆದು ಹೊಕ್ಕುಳಬಳ್ಳಿಯೇ ಮೊದಲು ಕೆಳಗೆ ಜಾರಿ ಬಂದರೆ ಮಗುವಿನ ತಲೆ ಬಳ್ಳಿಯನ್ನು ಅಮುಕಿಬಿಡುತ್ತದೆ. ಆಗ ತಾಯಿಯ ಸೊಂಟವನ್ನು ಎದೆಗಿಂತ ಎತ್ತರದಲ್ಲಿಟ್ಟು ಆಪರೇಷನ್ ಕೊಠಡಿಗೆ ಒಯ್ಯುತ್ತಾರೆ.

ಆಸ್ಪತ್ರೆಯ ದಾರಿಯಲ್ಲಿ

ಮೇಜಿನ ಮೇಲೆ ಓರೆಮಾಡುವವರು ವೈದ್ಯರು. ಆದರೆ ಮೇಜು ತಲಪುವ ಮುನ್ನ ದಾರಿಯ ಹೊತ್ತು ನಮ್ಮ ಕೈಯಲ್ಲಿದೆ. ನಂಜನಗೂಡಿನಿಂದ ಮೈಸೂರಿಗೆ ಸುಮಾರು ೨೫ ಕಿಲೋಮೀಟರ್. ಹೆಗ್ಗಡದೇವನಕೋಟೆಯಿಂದ ಸುಮಾರು ೫೦. ಒಳಹಳ್ಳಿಗಳಿಂದಾದರೆ ಇನ್ನೂ ಹೆಚ್ಚು. ನಂಜನಗೂಡು ಕಡೆಯಿಂದ ಬರುವವರು ನಗರದ ತೆಂಕಣ ಭಾಗವಾದ ವಿದ್ಯಾರಣ್ಯಪುರಂ ಹತ್ತಿರ ಬಂದಾಗ ಊರು ಸಿಕ್ಕಿತೆಂದು ನಿಟ್ಟುಸಿರು ಬಿಡುವುದುಂಟು. ಆದರೆ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಚೆಲುವಾಂಬ ಆಸ್ಪತ್ರೆ ಇರುವುದು ನಗರದ ನಡುವೆ. ವಾಹನಗಳ ಸಂದಣಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಮನೆಯಿಂದ ಅಲ್ಲಿಯವರೆಗಿನ ಹೊತ್ತೆಲ್ಲ ತಾಯಿ ಅಂಗಾತ ಮಲಗಿದ್ದರೆ ಆಕೆಗೂ ಮಗುವಿಗೂ ಅಷ್ಟು ಹೊತ್ತು ಕಷ್ಟ.

ಆದ್ದರಿಂದ ಹೀಗೆ ಮಾಡಿ:

೧. ೧೦೮ಕ್ಕೆ ಕರೆಮಾಡಿ. ಆಂಬುಲೆನ್ಸಿನ ಹಾಸಿಗೆಯಾಗಲಿ, ಬೇರೆ ವಾಹನದ ಸೀಟಾಗಲಿ, ತಾಯಿಯನ್ನು ಎಡಮಗ್ಗುಲಿಗೆ ಮಲಗಿಸಿ. ಬೆನ್ನಿಗೆ ಒಂದು ದಿಂಬು ಒತ್ತಿಕೊಟ್ಟು, ಮಂಡಿಗಳ ನಡುವೆ ಮಡಿಸಿದ ಕಂಬಳಿ ಇಡಿ. ಕುಲುಕಾಟಕ್ಕೆ ಹೊರಳದಂತೆ ಒಬ್ಬರು ಪಕ್ಕದಲ್ಲಿ ಹಿಡಿದಿರಲಿ.

೨. ಅಂಗಾತವೇ ಮಲಗಿಸಬೇಕಾದ ಸಂದರ್ಭ ಬಂದರೆ ಬಲ ಸೊಂಟದ ಕೆಳಗೆ ಮಡಿಸಿದ ಕಂಬಳಿ ಅಥವಾ ಟವಲು ತೂರಿಸಿ ಹೊಟ್ಟೆ ಎಡಕ್ಕೆ ವಾಲುವಂತೆ ಮಾಡಿ.

೩. ಬಳ್ಳಿ ಹೊರಗೆ ಕಂಡರೆ ಅದನ್ನು ಎಳೆಯಬೇಡಿ, ಒಳಗೆ ತಳ್ಳಲೂ ಬೇಡಿ. ತಾಯಿಯನ್ನು ಎಡಮಗ್ಗುಲಿಗೆ ಮಲಗಿಸಿ ಸೊಂಟದ ಕೆಳಗೆ ಎರಡು ದಿಂಬು ಕೊಟ್ಟು ಎತ್ತರಿಸಿ. ಮುಕ್ಕುವುದು ಬೇಡವೆಂದು ಹೇಳಿ. ಕಾಯದೆ ಹೊರಡಿ. ಆಸ್ಪತ್ರೆಗೆ ಫೋನು ಮಾಡಿ ಮುಂಚಿತವಾಗಿ ತಿಳಿಸಿ.

೪. ದಾರಿಯಲ್ಲಿ ಊಟ, ಕಾಫಿ ಕೊಡಬೇಡಿ. ಆಪರೇಷನ್ ಆಗಬೇಕಾದರೆ ಗಟ್ಟಿ ಆಹಾರ ತಿಂದು ಆರು ಗಂಟೆ, ನೀರು ಕುಡಿದು ಎರಡು ಗಂಟೆ ಆಗಿರುವುದು ಲೇಸು. ತುರ್ತಿನಲ್ಲಿ ಅಷ್ಟು ಕಾಯಲಾಗದು. ಆಗ ಕಡೆಯ ಬಾರಿ ಏನು ತಿಂದಳು, ಎಷ್ಟು ಹೊತ್ತಿಗೆ ತಿಂದಳು ಎಂಬುದನ್ನು ಮರೆಮಾಚದೆ ಹೇಳಿ.

೫. ತಾಯಿ ಕಾರ್ಡು ಜೊತೆಯಲ್ಲಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಮದ್ದು, ರಕ್ತ, ಊಟ, ವಾಹನ ಇವೆಲ್ಲ ಉಚಿತವೆಂದು ೨೦೧೧ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳುತ್ತದೆ. ಹಣವಿಲ್ಲವೆಂದು ಹೊರಡುವುದನ್ನು ತಡಮಾಡಬೇಡಿ.

ಒಪ್ಪಿಗೆಯ ವಿಷಯದಲ್ಲೂ ಒಂದು ಮಾತು. ವಯಸ್ಸಿಗೆ ಬಂದ ತಾಯಿಯ ಒಪ್ಪಿಗೆ ಮೊದಲು ಆಕೆಯದೇ. ಊರಿನಿಂದ ಹಿರಿಯರು ಬರಲಿ ಎಂದು ಕಾಯಿಸುವುದರಿಂದ ಕೆಟ್ಟ ಉದಾಹರಣೆಗಳು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಆಪರೇಷನ್ ಏಕೆ ಬೇಕು ಎಂದು ಕೇಳುವ ಹಕ್ಕು ನಿಮಗುಂಟು; ಕೇಳಿ, ತಿಳಿದುಕೊಳ್ಳಿ, ಬೇಗ ತೀರ್ಮಾನಿಸಿ.

ಮನೆಯಲ್ಲಿ ಮಲಗುವಾಗ

ಇದೇ ನಿಯಮ ಮನೆಗೂ ಸಲ್ಲುತ್ತದೆ. ೨೮ ವಾರ, ಅಂದರೆ ಏಳನೆಯ ತಿಂಗಳು ದಾಟುವ ಹೊತ್ತಿನಿಂದ ಬಸುರಿ ಅಂಗಾತ ನಿದ್ದೆಹೋಗದೆ ಮಗ್ಗುಲಾಗಿ ನಿದ್ದೆಹೋಗುವುದು ಒಳ್ಳೆಯದು. ಅಂಗಾತ ನಿದ್ದೆಹೋಗುವವರಲ್ಲಿ ಮಗು ಹೊಟ್ಟೆಯಲ್ಲೇ ಸಾಯುವ ಸಂಭವ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳಿಂದ ತಿಳಿದಿದೆ. ಎಡವೂ ಆಗಬಹುದು, ಬಲವೂ ಆಗಬಹುದು. ನಡುರಾತ್ರಿ ಎಚ್ಚರವಾದಾಗ ಅಂಗಾತವಿದ್ದರೆ ಗಾಬರಿ ಬೇಡ. ಮಗ್ಗುಲಿಗೆ ಹೊರಳಿ ಮತ್ತೆ ಮಲಗಿದರೆ ಸಾಕು.

ಇಲ್ಲೊಂದು ಹಳೆಯ ನಂಬಿಕೆ ಅಡ್ಡ ಬರುತ್ತದೆ. ಬಸುರಿ ಮಲಗಿದಲ್ಲೇ ಹೊರಳಿದರೆ ಕರುಳುಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಳ್ಳುತ್ತದೆ, ಎದ್ದು ಕೂತೇ ಮಗ್ಗುಲು ಬದಲಿಸಬೇಕು ಎಂದು ಹಿರಿಯರು ಹೇಳುತ್ತಾರೆ. ಬಳ್ಳಿ ಸುತ್ತಿಕೊಳ್ಳುವುದು ಮಗು ನೀರಿನಲ್ಲಿ ತಾನೇ ಆಡುವುದರಿಂದ, ತಾಯಿ ಹೊರಳುವುದರಿಂದಲ್ಲ. ಈ ಹೆದರಿಕೆಯಿಂದ ರಾತ್ರಿಯೆಲ್ಲ ಅಂಗಾತವೇ ಮಲಗುವುದು ಸರಿಯಲ್ಲ.

ಇನ್ನೊಂದು ನಂಬಿಕೆ, ಬೆನ್ನಿಗೆ ಸೂಜಿ ಹಾಕಿದರೆ ಜನ್ಮವಿಡೀ ಬೆನ್ನುನೋವು ಎಂಬುದು. ಸೂಜಿ ಹಾಕಿದ ಜಾಗ ಕೆಲವು ದಿನ ನೋಯಬಹುದು. ಆದರೆ ಬಸುರು, ಬಾಣಂತನಗಳಲ್ಲಿ ಸೂಜಿ ಹಾಕಿಸಿಕೊಳ್ಳದವರಿಗೂ ಬೆನ್ನುನೋವು ಸಾಮಾನ್ಯ. ಬಹುಕಾಲದ ನೋವಿಗೆ ಸೂಜಿಯೇ ಕಾರಣವೆಂದು ಪರೀಕ್ಷೆಗಳಲ್ಲಿ ಕಂಡಿಲ್ಲ. ಕೆಲವರಿಗೆ ಮಾತ್ರ, ಎದ್ದು ಕೂತಾಗ ಹೆಚ್ಚಾಗಿ ಮಲಗಿದಾಗ ಕಡಿಮೆಯಾಗುವ ತಲೆನೋವು ಬರುತ್ತದೆ. ಅದನ್ನು ವೈದ್ಯರಿಗೆ ಹೇಳಬೇಕು, ಅದಕ್ಕೆ ಚಿಕಿತ್ಸೆ ಇದೆ.

ಹೆರಿಗೆಯಾದ ಮೇಲೆ ಮಲಗೇ ಇರಬೇಕು ಎಂಬುದೂ ಸರಿಯಲ್ಲ. ಜೋಮು ಇಳಿದ ಮೇಲೆ ಮಗ್ಗುಲು ಬದಲಿಸುವುದು, ಕಾಲು ಆಡಿಸುವುದು, ವೈದ್ಯರು ಹೇಳಿದ ಹೊತ್ತಿಗೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು ಅಗತ್ಯ. ಹೀಗೆ ಮಾಡದಿದ್ದರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ನಿಂತ ನೀರು ಪಾಚಿ ಕಟ್ಟುತ್ತದೆ, ಹರಿಯುವ ನೀರು ತಿಳಿಯಾಗಿರುತ್ತದೆ.

ನೆನಪಿಡಬೇಕಾದದ್ದು

ಏಳು ತಿಂಗಳು ದಾಟಿದ ಬಸುರಿಯನ್ನು ಅಂಗಾತ ಮಲಗಿಸಬೇಡಿ. ಮನೆಯಲ್ಲಿ ಮಗ್ಗುಲು, ದಾರಿಯಲ್ಲಿ ಎಡಮಗ್ಗುಲು, ಮೇಜಿನ ಮೇಲೆ ಎಡವಾಲು. ಮೂರಕ್ಕೂ ಕಾರಣ ಒಂದೇ: ಬಲಗಡೆಯ ನಾಳದಲ್ಲಿ ರಕ್ತ ಹರಿಯುತ್ತಿರಬೇಕು.

ಮಂಡಲಿಗಳಲ್ಲಿ ಚರ್ಚೆಗೆ ಪ್ರಶ್ನೆಗಳು

೧. ನಿಮ್ಮ ಊರಿನಿಂದ ಸಿಸೇರಿಯನ್ ಮಾಡುವ ಅತಿ ಹತ್ತಿರದ ಆಸ್ಪತ್ರೆ ಯಾವುದು? ರಾತ್ರಿಯಲ್ಲಿ ತಲಪಲು ಎಷ್ಟು ಹೊತ್ತು ಬೇಕು?

೨. ಈಗ ಊರಿನಲ್ಲಿ ಏಳು ತಿಂಗಳು ದಾಟಿದ ಬಸುರಿಯರು ಯಾರು ಯಾರು? ಅವರ ಮನೆಯ ಗಂಡಸರಿಗೆ ಎಡಮಗ್ಗುಲಿನ ವಿಷಯ ತಿಳಿದಿದೆಯೇ? ಆಶಾ ಕಾರ್ಯಕರ್ತೆಯ ಜೊತೆ ಸೇರಿ ತಿಳಿಸುವವರು ಯಾರು?

೩. ಎರಡು ದಿಂಬು, ಒಂದು ಕಂಬಳಿ, ತಾಯಿ ಕಾರ್ಡು. ಇವು ಹೊರಡುವ ಹೊತ್ತಿಗೆ ಕೈಗೆ ಸಿಕ್ಕುವಂತೆ ಬಾಗಿಲ ಬಳಿ ಇವೆಯೇ?

ಬಿತ್ತನೆಗೆ ಮುಂಚೆ ನೇಗಿಲು, ಕೂರಿಗೆಗಳನ್ನು ನೋಡಿಟ್ಟುಕೊಳ್ಳುವ ಹಾಗೆ, ದಿನ ತುಂಬುವ ಮುಂಚೆ ಇವನ್ನು ನೋಡಿಟ್ಟುಕೊಳ್ಳಿ.